ಹಾಡಿದವರ ಹೆಸರು ಹೇಳೋಣ
ಸಮುದಾಯ ರೇಡಿಯೋದಲ್ಲಿ ನಮ್ಮ ಬೀದಿಯ ಸಂಗೀತ: ಸಂಘದ ಸಭೆಗೆ ಒಂದು ಪಾಠ

ಪಾಠದ ಉದ್ದೇಶ: ನಮ್ಮ ಸುತ್ತಮುತ್ತಲಿನ ಹಾಡುಗಾರರು, ವಾದ್ಯಗಾರರ ಬಗ್ಗೆ ಅರ್ಧ ಗಂಟೆಯ ರೇಡಿಯೋ ಕಾರ್ಯಕ್ರಮವನ್ನು ಸಂಘದ ಸದಸ್ಯೆಯರೇ ನಡೆಸಿಕೊಡಲು ಕಲಿಯುವುದು.



ಮೊದಲು ನಾವೇ ಮಾಡಿದ ಒಂದು ತಪ್ಪನ್ನು ಹೇಳಿಬಿಡುತ್ತೇವೆ. ವಿಜಯನಗರದ ಕಡೆಯ ಒಂದು ಸಂಘದಲ್ಲಿ ಅಭ್ಯಾಸಕ್ಕೆಂದು ಒಂದು ಕಾರ್ಯಕ್ರಮ ರೆಕಾರ್ಡ್ ಮಾಡಿದೆವು. ಅಣ್ಣಮ್ಮನ ಉತ್ಸವಕ್ಕೆ, ಗಣೇಶನ ಮೆರವಣಿಗೆಗೆ ತಮಟೆ ಬಾರಿಸುವ ಒಬ್ಬ ಹಿರಿಯರನ್ನು ಕರೆದಿದ್ದೆವು. ನಿರೂಪಣೆ ಮಾಡಿದ ಸಹೋದರಿ "ಈಗ ತಮಟೆಯವರು ಬಾರಿಸ್ತಾರೆ, ಕೇಳಿ" ಅಂದರು. ಅವರು ಚೆನ್ನಾಗಿಯೇ ಬಾರಿಸಿದರು. ಆಮೇಲೆ ಎಲ್ಲರೂ ಕೂತು ರೆಕಾರ್ಡಿಂಗ್ ಕೇಳಿದೆವು. ಸಂಘದ ಹೆಸರು ಬಂತು, ಪ್ರತಿನಿಧಿಯ ಹೆಸರು ಬಂತು, ಟೀ ತಂದುಕೊಟ್ಟವರಿಗೂ ವಂದನೆ ಬಂತು. ಆ ಹಿರಿಯರು ಮೆಲ್ಲಗೆ ಕೇಳಿದರು: "ನನ್ ಹೆಸ್ರು ಬರಲ್ವೇನಮ್ಮಾ?"

ನಮಗೆಲ್ಲ ನಾಚಿಕೆಯಾಯಿತು. ಸಾವಿನ ಮನೆಗೆ, ಜಾತ್ರೆಗೆ ಅವರನ್ನು ಕರೆಯುತ್ತೇವೆ, ಬಾರಿಸಿದ ಮೇಲೆ ದೂರ ನಿಲ್ಲಿಸಿ ದುಡ್ಡು ಕೊಟ್ಟು ಕಳಿಸುತ್ತೇವೆ. ನಮ್ಮ ರೇಡಿಯೋ ಕಾರ್ಯಕ್ರಮವೂ ಅದನ್ನೇ ಮಾಡಿತ್ತು. ಆದ್ದರಿಂದ ಈ ಪಾಠದಲ್ಲಿ ಮುಖ್ಯವಾಗಿ ಕಲಿಯಬೇಕಾದದ್ದು ಒಂದೇ. ಸಂಗೀತದ ಕಾರ್ಯಕ್ರಮ ನಡೆಸುವವಳ ಮೊದಲ ಕೆಲಸ, ಹಾಡಿದವರ ಹೆಸರನ್ನೂ ಅವರ ಕಥೆಯನ್ನೂ ಜನರಿಗೆ ತಲುಪಿಸುವುದು.

1. ಸಮುದಾಯ ರೇಡಿಯೋ ಅಂದರೇನು?

ಅದು ಲಾಭಕ್ಕಾಗಿ ನಡೆಯದ, ಒಂದು ಪ್ರದೇಶದ ಜನರಿಗಾಗಿ ಆ ಜನರೇ ಸೇರಿ ನಡೆಸುವ ಸಣ್ಣ ಎಫ್.ಎಂ. ಕೇಂದ್ರ. ಆಕಾಶದಲ್ಲಿ ಹರಿಯುವ ರೇಡಿಯೋ ತರಂಗಗಳು ಸಾರ್ವಜನಿಕರ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ತೀರ್ಪು ಕೊಟ್ಟಿತು. 2002ರಲ್ಲಿ ವಿದ್ಯಾಸಂಸ್ಥೆಗಳಿಗೆ, 2006ರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೂ ಇಂಥ ಕೇಂದ್ರ ನಡೆಸಲು ಅವಕಾಶ ಸಿಕ್ಕಿತು. ಕಾರ್ಯಕ್ರಮಗಳಲ್ಲಿ ಕನಿಷ್ಠ ಅರ್ಧ ಭಾಗ ಸ್ಥಳೀಯ ಜನರು ಪಾಲ್ಗೊಂಡು ತಯಾರಿಸಿದ್ದಾಗಿರಬೇಕು ಎಂಬುದು ನಿಯಮ. 2024ರ ಹೊಸ ಮಾರ್ಗಸೂಚಿಯ ಪ್ರಕಾರ ಕೇಂದ್ರದ ಸಲಹಾ ಮತ್ತು ಕಾರ್ಯಕ್ರಮ ಸಮಿತಿಯಲ್ಲಿ ಕನಿಷ್ಠ ಅರ್ಧದಷ್ಟು ಸದಸ್ಯರು ಮಹಿಳೆಯರಾಗಿರಬೇಕು. ಅಂದರೆ ನಾವು ಹೋಗಿ ಕೇಳುವುದು ಯಾರದೋ ಉಪಕಾರವಲ್ಲ, ನಮಗೆ ಅಲ್ಲಿ ಜಾಗವಿದೆ.

ಸಣ್ಣ ರೇಡಿಯೋ ನಮ್ಮ ನಾಡಿಗೆ ಹೊಸದೇನೂ ಅಲ್ಲ. ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ 30 ವ್ಯಾಟ್‌ನ ಯಂತ್ರದಲ್ಲಿ ಪ್ರಸಾರ ಆರಂಭಿಸಿದರು. "ಆಕಾಶವಾಣಿ" ಎಂಬ ಹೆಸರು ಆ ಕೇಂದ್ರದಿಂದಲೇ ಬಂದದ್ದು.

2. ಬೂದಿಕೋಟೆಯ ಸಹೋದರಿಯರು ತೋರಿಸಿದ ದಾರಿ

"ನಮ್ಮತ್ರ ರೇಡಿಯೋ ಸ್ಟೇಷನ್ ಎಲ್ಲಿದೆ?" ಅಂತ ನೀವು ಕೇಳಬಹುದು. ಕೋಲಾರ ಜಿಲ್ಲೆ ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲೂ ಮೊದಲು ಇರಲಿಲ್ಲ. ಅಲ್ಲಿ ಮೈರಾಡ, ವಾಯ್ಸಸ್ ಸಂಸ್ಥೆಗಳು ಯುನೆಸ್ಕೋ ನೆರವಿನಿಂದ "ನಮ್ಮ ಧ್ವನಿ" ಎಂಬ ಕೆಲಸ ಶುರು ಮಾಡಿದಾಗ ಸಂಸ್ಥೆಗಳಿಗೆ ಎಫ್.ಎಂ. ಪರವಾನಗಿ ಸಿಗುತ್ತಿರಲಿಲ್ಲ. ಆದರೂ ಅವರು ಕೈಕಟ್ಟಿ ಕೂರಲಿಲ್ಲ. ಊರಿನವರೇ ಕಾರ್ಯಕ್ರಮ ತಯಾರಿಸಿದರು, ಕ್ಯಾಸೆಟ್‌ಗಳನ್ನು ಸ್ವಸಹಾಯ ಸಂಘಗಳ ಸಭೆಯಲ್ಲಿ ಹಾಕಿ ಕೇಳಿಸಿದರು, ಧ್ವನಿವರ್ಧಕದಲ್ಲಿ ಹಾಕಿದರು. 2003ರಲ್ಲಿ ಟಿ.ವಿ. ಕೇಬಲ್ ಮೂಲಕವೇ ಮನೆಮನೆಗೆ ಧ್ವನಿ ಕಳಿಸಿದರು. ಈ ಕೆಲಸದ ಹಿಂದಿದ್ದದ್ದು ನಮ್ಮಂಥ ಸಂಘದ ಹೆಣ್ಣುಮಕ್ಕಳೇ. ತೆಲಂಗಾಣದ ಜಹೀರಾಬಾದ್ ಬಳಿಯ ಮಾಚನೂರಿನಲ್ಲಿ 2008ರಲ್ಲಿ ಆರಂಭವಾದ "ಸಂಘಂ ರೇಡಿಯೋ" ಕೂಡ ದಲಿತ ಮಹಿಳೆಯರು ನಡೆಸಿದ್ದು.

ನಮಗೆ ಈಗ ಕ್ಯಾಸೆಟ್ ಕೂಡ ಬೇಡ. ಸಂಘದ ಯಾರಾದರೊಬ್ಬರ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ಸಭೆಯಲ್ಲಿ ಕೇಳಿಸಬಹುದು. ಕೈ ಪಳಗಿದ ಮೇಲೆ ನಗರದ ಸಮುದಾಯ ರೇಡಿಯೋ ಕೇಂದ್ರಕ್ಕೆ ಕೊಡಬಹುದು.

3. ನಮ್ಮ ಸುತ್ತ ಸಂಗೀತಗಾರರು ಎಲ್ಲಿದ್ದಾರೆ?

ರಾಜಾಜಿನಗರ, ಬಸವೇಶ್ವರನಗರ, ಕೆಂಗೇರಿಯ ಮನೆಗಳಲ್ಲಿ ಮಾಗಡಿ, ಕುಣಿಗಲ್, ಮಂಡ್ಯ, ರಾಮನಗರದ ಕಡೆಯಿಂದ ಬಂದವರು ಎಷ್ಟೋ ಜನ ಇದ್ದಾರೆ. ಅವರ ಜೊತೆ ಸೋಬಾನೆ ಪದ, ಬೀಸುವ ಪದ, ಕೋಲಾಟದ ಪದಗಳೂ ಬಂದಿವೆ. ಕಲ್ಯಾಣ ಮಂಟಪದ ಓಲಗದವರು, ಬ್ಯಾಂಡ್ ಸೆಟ್‌ನವರು, ರಾಜ್ಯೋತ್ಸವದ ಆರ್ಕೆಸ್ಟ್ರಾದಲ್ಲಿ ಹಾಡುವ ಹುಡುಗಿಯರು, ಭಜನಾ ಮಂಡಳಿಯವರು, ನಮ್ಮ ಧರ್ಮಕೇಂದ್ರಗಳ ಗಾಯನವೃಂದದಲ್ಲಿ ಹಾರ್ಮೋನಿಯಂ ನುಡಿಸುವವರು, ಗಾರ್ಮೆಂಟ್ಸ್‌ನಿಂದ ಬಂದು ಸಂಜೆ ಗುನುಗುವವರು, ಎಲ್ಲರೂ ನಮ್ಮ ಪಟ್ಟಿಯಲ್ಲಿ ಬರಲಿ. ಕನ್ನಡದ ಜೊತೆ ತಮಿಳು, ತೆಲುಗು, ಉರ್ದು ಮನೆಮಾತಿನವರನ್ನೂ ಬಿಡಬೇಡಿ.

ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರು ತಮಟೆ ಬಾರಿಸಿಯೇ 2023ರಲ್ಲಿ ಪದ್ಮಶ್ರೀ ಪಡೆದರು. ಕೀಳು ಎಂದು ಕಂಡ ವಾದ್ಯಕ್ಕೆ ದೇಶದ ಗೌರವ ಸಿಕ್ಕಿತು. ಹಾಗೆಯೇ ಎಚ್.ಎಲ್. ನಾಗೇಗೌಡರು ಹಳ್ಳಿ ಹಳ್ಳಿಯ ಹಾಡುಗಳನ್ನು ಸಂಗ್ರಹಿಸಿ, ರಾಮನಗರದ ಹತ್ತಿರ ಜಾನಪದ ಲೋಕ ಕಟ್ಟಿದರು. ಅದು 1994ರಲ್ಲಿ ಆರಂಭವಾಯಿತು. ಕೆಂಗೇರಿಯಿಂದ ಮೈಸೂರು ರಸ್ತೆಯಲ್ಲೇ ಮುಂದೆ ಹೋದರೆ ಸಿಗುತ್ತದೆ. ಸಂಘದಿಂದ ಒಂದು ದಿನ ಹೋಗಿಬರಬಹುದು.

4. ರೆಕಾರ್ಡಿಂಗ್‌ಗೆ ಮೊದಲು

ಒಂದು ದಿನ ಮೊದಲೇ ಅವರ ಮನೆಗೆ ಹೋಗಿ ಮಾತಾಡಿಸಿ. ಹೆಸರನ್ನು ಅವರು ಹೇಗೆ ಹೇಳುತ್ತಾರೋ ಹಾಗೆಯೇ ಬರೆದುಕೊಳ್ಳಿ. ಯಾವ ಊರಿನವರು, ಯಾರಿಂದ ಕಲಿತರು, ಎಷ್ಟು ವರ್ಷವಾಯಿತು, ಇಷ್ಟು ಸಾಕು. ಯಾವ ಜಾತಿ ಎಂದು ನಾವಾಗಿ ಕೇಳಬಾರದು. ಅವರೇ ತಮ್ಮ ನೋವನ್ನು ಹೇಳಿಕೊಂಡರೆ ಅದನ್ನು ಪ್ರಸಾರ ಮಾಡಬಹುದೇ ಎಂದು ಅವರನ್ನೇ ಕೇಳಿ.

ಅಜ್ಜಿಯನ್ನು ಮೈಕ್ ಮುಂದೆ ಕೂರಿಸಿ "ಒಂದು ಪದ ಹೇಳಜ್ಜಿ" ಅಂದರೆ ಅವರಿಗೆ ನೆನಪಾಗುವುದಿಲ್ಲ. ಸೋಬಾನೆ ಒಬ್ಬರೇ ಹಾಡುವ ಪದವಲ್ಲ. ಒಬ್ಬರು ಹೇಳಿಕೊಡಬೇಕು, ಉಳಿದವರು ಸೊಲ್ಲು ಹಿಡಿಯಬೇಕು. ಆದ್ದರಿಂದ ಜೊತೆಗೆ ಎರಡು ಮೂರು ಜನರನ್ನು ಕೂರಿಸಿ. ಬೀಸುವ ಪದವಾದರೆ ಕೈಗೆ ಒಂದು ಮೊರ ಕೊಟ್ಟು ಕೂರಿಸಿದರೂ ಸಾಕು, ಕೈ ಆಡಿದ ಹಾಗೆ ಪದವೂ ಬರುತ್ತದೆ.

5. ಅರ್ಧ ಗಂಟೆಯನ್ನು ಹಂಚಿಕೊಳ್ಳುವುದು ಹೇಗೆ?

ಸ್ವಾಗತ 1 ನಿಮಿಷ. ಅತಿಥಿಯ ಪರಿಚಯ 3 ನಿಮಿಷ. ಮೊದಲ ಹಾಡು 5 ನಿಮಿಷ. ಮಾತುಕತೆ 7 ನಿಮಿಷ. ಎರಡನೇ ಹಾಡು 5 ನಿಮಿಷ. ಮತ್ತೆ ಮಾತು 4 ನಿಮಿಷ. ಕೊನೆಯ ಹಾಡು 3 ನಿಮಿಷ. ವಂದನೆ 2 ನಿಮಿಷ. ಒಟ್ಟು 30 ನಿಮಿಷ.

ಅತಿಥಿಯ ಪೂರ್ತಿ ಹೆಸರನ್ನು ಶುರುವಿನಲ್ಲಿ, ಮಧ್ಯದಲ್ಲಿ, ಕೊನೆಯಲ್ಲಿ, ಹೀಗೆ ಮೂರು ಸಾರಿ ಹೇಳಬೇಕು. ಅಡಿಗೆ ಮಾಡುತ್ತಲೋ ಊದಿನಕಡ್ಡಿ ಹೊಸೆಯುತ್ತಲೋ ರೇಡಿಯೋ ಹಾಕುವವರು ಮಧ್ಯದಲ್ಲಿ ಕೇಳಲು ಬರುತ್ತಾರೆ. ಅವರಿಗೂ ಹೆಸರು ತಿಳಿಯಲಿ. ಜೊತೆಯಲ್ಲಿ ಸೊಲ್ಲು ಹಿಡಿದವರ ಹೆಸರನ್ನೂ ಬಿಡಬೇಡಿ.

6. ಧ್ವನಿ ಚೆನ್ನಾಗಿ ಬರಲು

ಮಾಗಡಿ ರಸ್ತೆಯ ಗಾಡಿಗಳ ಸದ್ದನ್ನು ನಾವು ನಿಲ್ಲಿಸಲಾಗದು, ಆದರೆ ಕಡಿಮೆ ಮಾಡಬಹುದು. ರಸ್ತೆಗೆ ದೂರವಾದ ಒಳಕೋಣೆ ಆರಿಸಿ. ಕಿಟಕಿಗೆ, ಗೋಡೆಗೆ ಕಂಬಳಿ ಅಥವಾ ದಪ್ಪ ಚಾದರ ಕಟ್ಟಿದರೆ ಧ್ವನಿ ಗುಂಯ್ ಅನ್ನುವುದಿಲ್ಲ. ಫ್ಯಾನ್, ಮಿಕ್ಸಿ, ಟಿ.ವಿ. ಆರಿಸಿ. ಕುಕ್ಕರ್ ಒಲೆ ಮೇಲಿದ್ದರೆ ಇಳಿಸಿ. ಮೊಬೈಲ್‌ಗೆ ಕರೆ ಬರದ ಹಾಗೆ ಮಾಡಿ. ಮಾತಾಡುವವರ ಬಾಯಿಂದ ಒಂದು ಗೇಣು ದೂರದಲ್ಲಿ ಮೊಬೈಲ್ ಇರಲಿ. ತಮಟೆ, ಓಲಗ ಜೋರಾದ ವಾದ್ಯಗಳು. ಅವನ್ನು ಬಯಲಿನಲ್ಲಿ, ಏಳೆಂಟು ಅಡಿ ದೂರದಿಂದ ರೆಕಾರ್ಡ್ ಮಾಡಿ. ಮೊದಲು ಒಂದು ನಿಮಿಷ ಮಾಡಿ ಕೇಳಿ ನೋಡಿ, ಆಮೇಲೆ ಪೂರ್ತಿ ಮಾಡಿ.

7. ಪ್ರಶ್ನೆ ಕೇಳುವ ರೀತಿ

"ನಿಮಗೆ ಸಂಗೀತ ಇಷ್ಟಾನಾ?" ಎಂದು ಕೇಳಿದರೆ "ಹೂಂ" ಅಂತಾರೆ, ಅಲ್ಲಿಗೆ ಮುಗಿಯಿತು. ಹೀಗೆ ಕೇಳಿ ನೋಡಿ:

"ಅಣ್ಣಾ, ಮೊದಲ್ನೇ ಸಾರಿ ತಮಟೆ ಕೈಗೆ ಬಂದಾಗ ನಿಮಗೆಷ್ಟು ವಯಸ್ಸು?"
"ಬಾರಿಸೋಕೆ ಮುಂಚೆ ಬೆಂಕೀಲಿ ಯಾಕೆ ಕಾಯಿಸ್ತೀರಿ?"
"ಮದುವೆಗೂ ಸಾವಿಗೂ ಏಟು ಬೇರೆ ಬೇರೆನಾ? ಎರಡೂ ಬಾರಿಸಿ ತೋರಿಸ್ತೀರಾ?"
"ಅಜ್ಜಿ, ಈ ಪದ ಯಾರು ಹೇಳಿಕೊಟ್ರು? ಯಾವ ಕೆಲಸ ಮಾಡ್ತಾ ಹೇಳ್ತಿದ್ರಿ?"

ಕೇಳಿದ ಮೇಲೆ ಸುಮ್ಮನಿರಬೇಕು. ಅವರು ಸ್ವಲ್ಪ ತಡೆದರೆ ನಾವೇ ಉತ್ತರ ತುಂಬಬಾರದು. ಹಾಡಿನ ಮಧ್ಯೆ ಬಾಯಿ ಹಾಕಬಾರದು.

8. ಹಾಡುವವರ ಹಕ್ಕು

ಸಿನಿಮಾ ಹಾಡುಗಳಿಗೆ ಹಕ್ಕುದಾರರಿದ್ದಾರೆ. ಕೇಂದ್ರದವರನ್ನು ಕೇಳದೆ ಹಾಕಬಾರದು. ಹಳೆಯ ಜನಪದ ಪದಗಳಿಗೆ ಆ ತೊಡಕಿಲ್ಲ. ಆದರೆ ಹಾಡಿದವರಿಗೆ ತಮ್ಮ ಹಾಡುಗಾರಿಕೆಯ ಮೇಲೆ ಹಕ್ಕಿದೆ. 1957ರ ಕೃತಿಸ್ವಾಮ್ಯ ಕಾಯ್ದೆಗೆ 1994ರಲ್ಲಿ ತಂದ ತಿದ್ದುಪಡಿ ಇದನ್ನು ಸ್ಪಷ್ಟವಾಗಿ ಹೇಳಿತು. ಆದ್ದರಿಂದ ಪ್ರಸಾರಕ್ಕೆ ಒಪ್ಪಿಗೆ ಪತ್ರ ಬರೆಸಿ, ಓದಿ ಹೇಳಿ, ಸಹಿ ಅಥವಾ ಹೆಬ್ಬೆಟ್ಟು ಪಡೆಯಿರಿ. ರೆಕಾರ್ಡಿಂಗ್‌ನ ಪ್ರತಿಯನ್ನು ಅವರಿಗೂ ಕೊಡಿ.

ಒಂದು ದಿನದ ಕೂಲಿ ಬಿಟ್ಟು ಬರುವವರನ್ನು ಬರಿಗೈಯಲ್ಲಿ ಕಳಿಸಬಾರದು. ಎಷ್ಟು ಗೌರವಧನ ಕೊಡಬೇಕೆಂದು ಸಭೆಯಲ್ಲಿ ಮಾತಾಡಿ, ನಡಾವಳಿ ಪುಸ್ತಕದಲ್ಲಿ ಠರಾವು ಬರೆಯಿರಿ.

ಇನ್ನೊಂದು ಮುಖ್ಯ ವಿಷಯ. ವಯಸ್ಸಾದ, ಕಷ್ಟದಲ್ಲಿರುವ ಕಲಾವಿದರಿಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯಿಂದ ಮಾಸಾಶನವಿದೆ. ಅರ್ಜಿ ಹಾಕುವಾಗ ಕಲಾಸೇವೆಗೆ ದಾಖಲೆ ತೋರಿಸಬೇಕಾಗುತ್ತದೆ. ನಲವತ್ತು ವರ್ಷ ಬಾರಿಸಿದವರ ಹತ್ತಿರವೂ ಅನೇಕ ಸಾರಿ ಒಂದು ಚೂರು ಕಾಗದ ಇರುವುದಿಲ್ಲ, ಯಾಕೆಂದರೆ ಕರೆಯೋಲೆಯಲ್ಲಿ, ಬ್ಯಾನರಿನಲ್ಲಿ ಅವರ ಹೆಸರನ್ನು ಯಾರೂ ಹಾಕಲಿಲ್ಲ. ಕಾರ್ಯಕ್ರಮದ ದಿನಾಂಕ, ಅವರ ಹೆಸರು, ವಾದ್ಯ ಬರೆದ ಒಂದು ಪತ್ರವನ್ನು ಕೇಂದ್ರದಿಂದಲೋ ಸಂಘದಿಂದಲೋ ಕೊಟ್ಟರೆ ಅದು ಒಂದು ದಾಖಲೆಯಾಗುತ್ತದೆ. ಅದೊಂದರಿಂದಲೇ ಮಾಸಾಶನ ಸಿಗುತ್ತದೆಂದು ಆಸೆ ಹುಟ್ಟಿಸಬೇಡಿ. ಆದರೆ ಅರ್ಜಿ ತುಂಬಲು, ಇಲಾಖೆಗೆ ಹೋಗಿಬರಲು ಜೊತೆಯಾಗಿ.

ಸಭೆಯಲ್ಲಿ ಚರ್ಚಿಸಲು

1) ನಮ್ಮ ಬೀದಿಯಲ್ಲಿ ಹಾಡುವ, ಬಾರಿಸುವ ಐದು ಜನರ ಹೆಸರು ನಮಗೆ ಗೊತ್ತೇ? ಅವರನ್ನು ಹೆಸರಿನಿಂದ ಕರೆಯುತ್ತೇವೋ, ವಾದ್ಯದಿಂದಲೋ?
2) ನಮ್ಮ ಅಮ್ಮ, ಅತ್ತೆ ಹೇಳುತ್ತಿದ್ದ ಯಾವ ಪದ ಈಗ ಮನೆಯಲ್ಲಿ ಯಾರಿಗೂ ಬರುವುದಿಲ್ಲ?
3) ಮೈಕ್ ಮುಂದೆ ಮಾತಾಡಲು ನಮ್ಮನ್ನು ತಡೆಯುವುದು ಯಾವುದು? ಮನೆಯವರೋ, ನಮ್ಮ ಹೆದರಿಕೆಯೋ?

ಮುಂದಿನ ಸಭೆಯೊಳಗೆ ಮಾಡಬೇಕಾದದ್ದು: ಇಬ್ಬಿಬ್ಬರು ಸೇರಿ ಒಬ್ಬ ಹಾಡುಗಾರರನ್ನು ಭೇಟಿ ಮಾಡಿ, ಹತ್ತು ನಿಮಿಷದ ಮಾತು ಮತ್ತು ಒಂದು ಹಾಡು ರೆಕಾರ್ಡ್ ಮಾಡಿ ತನ್ನಿ. ಪ್ರತಿ ಸಾರಿ ಬೇರೆ ಬೇರೆ ಸದಸ್ಯೆ ನಿರೂಪಣೆ ಮಾಡಲಿ.

ಯೊವಾನ್ನರ ಶುಭಸಂದೇಶದ 10ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಒಳ್ಳೆಯ ಕುರಿಗಾಹಿಯ ಬಗ್ಗೆ ಹೇಳುವಾಗ, ಹೆಸರು ಹಿಡಿದು ಕರೆಯುವುದನ್ನೇ ಪ್ರೀತಿಯ ಗುರುತಾಗಿ ತೋರಿಸುತ್ತಾರೆ. ಯಾವ ಧರ್ಮದವರಾದರೂ ನಮಗೆಲ್ಲ ಅರ್ಥವಾಗುವ ಮಾತಿದು.

ಆ ಹಿರಿಯರ ಕಾರ್ಯಕ್ರಮವನ್ನು ನಾವು ಎರಡನೇ ಸಾರಿ ರೆಕಾರ್ಡ್ ಮಾಡಿದೆವು. ಈ ಸಾರಿ ಹೆಸರು, ಊರು, ಕಲಿಸಿದ ಅವರ ತಾತನ ಹೆಸರು ಎಲ್ಲವೂ ಬಂತು. ಕೇಳಿದ ಮೇಲೆ ಅವರು ಹೆಚ್ಚೇನೂ ಹೇಳಲಿಲ್ಲ. "ನಮ್ ಮೊಮ್ಮಗಂಗೆ ಕೇಳಿಸ್ಬೇಕು, ಮೊಬೈಲ್‌ಗೆ ಹಾಕಿಕೊಡಿ" ಅಂದರು. ಹಾಕಿಕೊಟ್ಟೆವು.