ಮಕೆದೋನ್ಯದ ಕರೆಯೂ ಹಗರಿಯ ದಡವೂ

ಪಾಠಕ್ಕಾಗಿ ಓದತಕ್ಕ ಭಾಗಗಳು: ಅಪೊಸ್ತಲರ ಕೃತ್ಯಗಳು 13:1–13, 16:6–15.

ಹಳ್ಳಿಯ ಸಭೆಯಲ್ಲಿ ಒಬ್ಬ ಯೌವನಸ್ಥನು ಆರಾಧನೆ ಮುಗಿದ ಮೇಲೆ ಎದ್ದು ನಿಂತು, ಸಮುದ್ರದಾಚೆಯ ದೇಶಕ್ಕೆ ಸುವಾರ್ತಾ ಸೇವೆಗಾಗಿ ಹೋಗಬೇಕೆಂದು ತನಗೆ ಕರೆ ಉಂಟಾಗಿದೆ ಎಂದು ಹೇಳಿದನೆಂದು ಇಟ್ಟುಕೊಳ್ಳೋಣ. ಆಗ ಎರಡು ವಿಧವಾದ ಮಾತು ಹುಟ್ಟುವದು. ಕೆಲವರು ಕೂಡಲೇ ಸ್ತೋತ್ರ ಹೇಳಿ, ಮರುದಿನವೇ ಹೂಮಾಲೆ ಹಾಕಿ ಕಳುಹಿಸಲು ಸಿದ್ಧರಾಗುವರು. ಬೇರೆ ಕೆಲವರು, ಭತ್ತದ ನಾಟಿಗೆ ಆಳು ಸಿಕ್ಕದ ಈ ಹೊತ್ತಿನಲ್ಲಿ ಇವನಿಗೆ ವಿಮಾನದ ಆಸೆ ಹತ್ತಿತಲ್ಲಾ ಎಂದು ನಗುವರು. ಹೊಗಳುವವರೂ ನಗುವವರೂ ವಿಚಾರಿಸದೆ ತೀರ್ಪು ಮಾಡಿದವರೇ. ಇಂಥ ಕರೆಯನ್ನು ಹೇಗೆ ಪರೀಕ್ಷಿಸತಕ್ಕದ್ದು, ಕಳುಹಿಸುವ ಸಭೆಯ ಮೇಲೆ ಏನು ಭಾರ ಬೀಳುತ್ತದೆ ಎಂಬದನ್ನು ಈ ಪಾಠದಲ್ಲಿ ಆಲೋಚಿಸುವೆವು.

ಬಳ್ಳಾರಿ ಸೀಮೆಯವರಾದ ನಾವು ಇದನ್ನು ನೋಡಿ ನಗಲಾರೆವು. ಯಾಕಂದರೆ ನಮ್ಮ ಕೈಗೆ ಕನ್ನಡ ಸತ್ಯವೇದವು ಬಂದದ್ದೇ ಅಂಥ ಒಂದು ಕರೆಯ ಮೂಲಕ. ಲಂಡನ್ ಮಿಶನ್ ಸಂಘವು ಜಾನ್ ಹ್ಯಾಂಡ್ಸ್ ಎಂಬವರನ್ನು ಹಿಂದೂದೇಶಕ್ಕೆ ಕಳುಹಿಸಿದಾಗ ಅವರಿಗೆ ಗೊತ್ತುಮಾಡಿದ ಸ್ಥಳವು ಬಳ್ಳಾರಿಯಲ್ಲ, ಶ್ರೀರಂಗಪಟ್ಟಣ. ಅಲ್ಲಿ ಕೆಲಸ ಆರಂಭಿಸುವದಕ್ಕೆ ಅಡ್ಡಿಗಳು ಬಂದವು. ಮಿಶನೆರಿಗಳ ವಿಷಯದಲ್ಲಿ ಕುಂಪಣಿ ಸರಕಾರಕ್ಕೆ ಆಗ ಒಳ್ಳೇ ಮನಸ್ಸಿರಲಿಲ್ಲ. ಪಾರ್ಲಿಮೆಂಟಿನವರು ಆ ಬಾಗಲನ್ನು ಸ್ವಲ್ಪ ತೆರೆದದ್ದು 1813ರ ಸನ್ನದಿನಿಂದ. ಬಳ್ಳಾರಿಯಾದರೋ 1800ರಲ್ಲಿ ನಿಜಾಮನಿಂದ ಕುಂಪಣಿಯವರ ಕೈಸೇರಿ, ದಂಡಿನ ಊರಾಗಿತ್ತು. ಹೋಗಬೇಕೆಂದಿದ್ದ ಊರು ಮುಚ್ಚಿಹೋಗಲಾಗಿ ಹ್ಯಾಂಡ್ಸರು 1810ರಲ್ಲಿ ಬಳ್ಳಾರಿಗೆ ಬಂದು ಸೇರಿದರು.

ಇದನ್ನು ಓದುವಾಗ ಹದಿನಾರನೆಯ ಅಧ್ಯಾಯವು ತಾನಾಗಿ ನೆನಪಿಗೆ ಬರುವದಲ್ಲವೋ? ಪೌಲನು ಆಸ್ಯ ಸೀಮೆಯಲ್ಲಿ ಬೋಧಿಸಬೇಕೆಂದಿದ್ದನು, ತಡೆಯುಂಟಾಯಿತು. ಬಿಥೂನ್ಯಕ್ಕೆ ಹೋಗಲು ಪ್ರಯತ್ನಿಸಿದನು; ಅದಕ್ಕೂ ಅಪ್ಪಣೆ ಸಿಕ್ಕಲಿಲ್ಲ. ಹೀಗೆ ಎರಡು ಬಾಗಲು ಮುಚ್ಚಿದ ಮೇಲೆ ತ್ರೋವದಲ್ಲಿ ರಾತ್ರಿ ಮಕೆದೋನ್ಯದ ಮನುಷ್ಯನು ದರ್ಶನದಲ್ಲಿ ಕಾಣಿಸಿಕೊಂಡನು. ಕರೆಯೆಂದರೆ ಮೊದಲಿನಿಂದ ಕಡೆಯ ವರೆಗೂ ದಾರಿ ಸರಾಗವಾಗಿರುವದೆಂದು ಎಣಿಸುವವರು ಈ ವಚನಗಳನ್ನು ಎರಡು ಸಾರಿ ಓದಲಿ. ವೀಸಾ ಸಿಕ್ಕಲಿಲ್ಲವೆಂದು ಕರೆಯೇ ಸುಳ್ಳೆಂದು ಕುಗ್ಗುವದೂ, ಸಿಕ್ಕಿತೆಂದು ಅದನ್ನೇ ದೇವರ ಮುದ್ರೆಯೆಂದು ಹಿಗ್ಗುವದೂ ಅವಸರದ ಮಾತು.

ಇನ್ನೂ ಒಂದನ್ನು ಗಮನಿಸಿರಿ. ದರ್ಶನದಲ್ಲಿ ಕರೆದವನು ಒಬ್ಬ ಗಂಡಸು. ಆದರೆ ಫಿಲಿಪ್ಪಿ ಪಟ್ಟಣಕ್ಕೆ ಹೋದಾಗ ಮೊದಲು ಕಿವಿಗೊಟ್ಟವರು ಊರಬಾಗಲ ಹೊರಗೆ ನದೀತೀರದಲ್ಲಿ ಕೂಡಿದ ಹೆಂಗಸರು. ಅವರಲ್ಲಿ ಧೂಮ್ರವರ್ಣದ ವಸ್ತ್ರ ಮಾರುವ ಲುದ್ಯಳು ಮನೆತೆರೆದು ಬರಮಾಡಿಕೊಂಡಳು. ಅವಳೂ ಆ ಊರಿನವಳಲ್ಲ, ಸಮುದ್ರದಾಚೆಯ ಥುವತೈರದವಳು. ಹೋದವನು ತಾನು ನೆನಸಿದ ಜನರನ್ನೇ ಕಾಣುವನೆಂಬ ನಿಯಮವಿಲ್ಲ.

ಹ್ಯಾಂಡ್ಸರ ಕಥೆಗೆ ತಿರುಗೋಣ. ಬಳ್ಳಾರಿಗೆ ಬಂದಾಗ ಅವರಿಗೆ ಕನ್ನಡ ಬಾರದು. ಇಂಗ್ಲಿಷಿನಿಂದ ಕನ್ನಡ ಕಲಿಯುವವರಿಗೆ ಅಚ್ಚಾದ ನಿಘಂಟು ಆಗ ಇರಲಿಲ್ಲ. ಊರಿನ ಪಂಡಿತರ ಬಳಿ ಕೂತು ಒಂದೊಂದು ಮಾತನ್ನು ಕೇಳಿ ಬರೆದುಕೊಳ್ಳಬೇಕಾಗಿತ್ತು. 1816ರಲ್ಲಿ ವಿಲ್ಲಿಯಂ ರೀವ್ ಎಂಬವರು ಜೊತೆಗೂಡಿದರು. ಅವರ ಇಂಗ್ಲಿಷ್–ಕನ್ನಡ ನಿಘಂಟು 1824ರಲ್ಲಿಯೂ, ಕನ್ನಡ–ಇಂಗ್ಲಿಷ್ ನಿಘಂಟು 1832ರಲ್ಲಿಯೂ ಅಚ್ಚಾದವು. ಸಂಪೂರ್ಣ ಕನ್ನಡ ಸತ್ಯವೇದವು 1831ರಲ್ಲಿ ಬಳ್ಳಾರಿಯಲ್ಲಿ ಹೊರಬಂತು. 1810ರಿಂದ 1831 ಎಂದರೆ ಇಪ್ಪತ್ತೊಂದು ವರುಷ! ಬಂಗಾಳದಲ್ಲಿ ವಿಲ್ಲಿಯಂ ಕೇರಿಯವರು 1793ರಲ್ಲಿ ಬಂದಿಳಿದು, ಮೊದಲನೆಯ ಬಂಗಾಳಿ ವಿಶ್ವಾಸಿಯಾದ ಕೃಷ್ಣಪಾಲನಿಗೆ 1800ರ ದಶಂಬರದಲ್ಲಿ ದೀಕ್ಷಾಸ್ನಾನ ಕೊಡುವ ವರೆಗೆ ಏಳು ವರುಷ ಕಾದರು. ಈಗ ಹದಿನೈದು ದಿವಸದ ಯಾತ್ರೆ ಮಾಡಿ ಬಂದವರು ನೂರಾರು ಆತ್ಮಗಳ ಲೆಕ್ಕ ಹೇಳುವದನ್ನು ಕೇಳುವಾಗ ನಮಗೆ ಈ ವರುಷಗಳು ನೆನಪಾಗುತ್ತವೆ. ಅಲ್ಪಕಾಲದ ಯಾತ್ರೆಯನ್ನು ನಾವು ಹಳಿಯುವದಿಲ್ಲ. ರೋಗಿಗಳ ಶುಶ್ರೂಷೆ ಬಲ್ಲವಳೂ ಮರಗೆಲಸ ಬಲ್ಲವನೂ ಹದಿನೈದು ದಿವಸದಲ್ಲಿ ಮಾಡಬಹುದಾದ ಉಪಕಾರವಿದೆ. ಆದರೆ ಭಾಷೆ ಬಾರದವನು ಅಲ್ಲಿ ಕಲಿಸುವದಕ್ಕಿಂತ ಕಲಿಯುವದೇ ಹೆಚ್ಚೆಂದು ತಿಳಿದು ಹೋಗಲಿ.

ಕರೆ ಯಾರಿಗೆ ಬರುತ್ತದೆ? ಒಬ್ಬನ ಕಿವಿಗೆ ಮಾತ್ರವೋ? ಅಂತಿಯೋಕ್ಯದಲ್ಲಿ ಹಾಗಾಗಲಿಲ್ಲ. ಬಾರ್ನಬ, ಸಿಮೆಯೋನ, ಕುರೇನೆಯ ಲೂಕ್ಯ, ಮೆನಹೇನ, ಸೌಲ ಈ ಐವರೂ ಉಪವಾಸದಿಂದ ಆರಾಧಿಸುತ್ತಿದ್ದಾಗ ಪರಿಶುದ್ಧಾತ್ಮನು ತಿಳಿಸಿದನು. ಐವರಲ್ಲಿ ಇಬ್ಬರನ್ನು ಬೇರ್ಪಡಿಸಿ ಕೈಗಳನ್ನಿಟ್ಟು ಕಳುಹಿಸಿದರು. ಸಭೆಯು ಕೇಳದ ಕರೆಯನ್ನು ಹೊತ್ತು ಒಬ್ಬನೇ ಓಡುವದು ಅಪೊಸ್ತಲರ ರೀತಿಯಲ್ಲ. ಸಭೆಯೂ ತನಗೆ ಬೇಡವಾದವನನ್ನು ಕಳುಹಿಸಲಿಲ್ಲ, ಇಲ್ಲದಿದ್ದರೆ ನಡೆಯದೆಂಬಂಥವರನ್ನೇ ಕೊಟ್ಟಿತು. ಇವರ ಸಂಗಡ ಹೋದ ಮಾರ್ಕನೆನಿಸಿಕೊಳ್ಳುವ ಯೋಹಾನನು ಪೆರ್ಗೆಯಿಂದ ಹಿಂದಿರುಗಿ ಮನೆಗೆ ಹೋದನು. ಮುಂದೆ ಅದೇ ಪೌಲನು ಸೆರೆಯಿಂದ ತಿಮೊಥೆಯನಿಗೆ ಬರೆಯುವಾಗ ಮಾರ್ಕನನ್ನು ಕರೆದುಕೊಂಡು ಬಾ ಎಂದು ಕೇಳಿಕೊಂಡನು. ಅರ್ಧದಲ್ಲಿ ಮರಳಿದ ಹುಡುಗನನ್ನು ಊರಿನವರು ಬಾಯಿಗೆ ಬಂದಂತೆ ಆಡಿಕೊಳ್ಳದಿರಲಿ.

ಯೋನನನ್ನೂ ಮರೆಯಬಾರದು. ಅವನೂ ಯೊಪ್ಪದಲ್ಲಿ ಕೂಲಿ ಕೊಟ್ಟು ಹಡಗು ಹತ್ತಿದವನೇ. ಆದರೆ ಅವನು ಹೋದದ್ದು ದೇವರು ಹೇಳಿದ ನಿನೆವೆಗಲ್ಲ, ತಾರ್ಷೀಷಿಗೆ. ಸಮುದ್ರ ದಾಟುವದೆಲ್ಲಾ ವಿಧೇಯತೆಯಲ್ಲ. ಸಾಲದಿಂದಲೂ ಮನೆಯ ಜಗಳದಿಂದಲೂ ತಪ್ಪಿಸಿಕೊಳ್ಳುವವನು ಸೇವೆಯ ಹೆಸರು ಹೇಳಿಕೊಳ್ಳಬಹುದು. ಆದಕಾರಣ ಹಿರಿಯರು ಮೆಲ್ಲಗೆ ಆದರೂ ಬಿಚ್ಚಿ ಕೇಳಬೇಕು: ನಿನ್ನನ್ನು ಅಲ್ಲಿ ಕರೆಯುವವರು ಯಾರು? ಆ ದೇಶದ ಸಭೆಯಿಂದ ಕಾಗದ ಬಂದಿದೆಯೋ? ಖರ್ಚು ಯಾರದು? ಸೇವೆಗೆಂದು ಹೇಳಿ ಹಣ ಕಿತ್ತುಕೊಂಡು, ಕಡೆಗೆ ಕೂಲಿಗೆ ಹಚ್ಚುವ ದಲ್ಲಾಳಿಗಳಿಂದ ಎಚ್ಚರವಾಗಿರಬೇಕು. ವಿದೇಶದ ಕೆಲಸಕ್ಕೆ ಜನರನ್ನು ಸೇರಿಸುವವನು ಸರಕಾರದಲ್ಲಿ ನೋಂದಾಯಿಸಿಕೊಂಡಿರಬೇಕೆಂದು 1983ರ ವಲಸೆ ಕಾಯಿದೆಯು ವಿಧಿಸಿತು. ಪ್ರವಾಸಿಯ ವೀಸಾ ಪಡೆದು ಹೋಗಿ ಬೋಧಿಸುವದು ಅನೇಕ ರಾಜ್ಯಗಳಲ್ಲಿ ಅಪರಾಧ. ಸಿಕ್ಕಿಬಿದ್ದರೆ ಕಷ್ಟವು ಹೋದವನಿಗೆ ಮಾತ್ರವಲ್ಲ, ಅವನನ್ನು ಇಳಿಸಿಕೊಂಡ ಅಲ್ಲಿಯ ಬಡಸಭೆಗೂ ತಟ್ಟುವದು.

ಸಮುದ್ರ ದಾಟುವವರು ಬಿಳಿಯರೇ ಎಂಬ ಎಣಿಕೆ ನಮ್ಮಲ್ಲಿ ಇನ್ನೂ ಉಂಟು. ಮಂಗಳೂರಿನ ಬ್ರಾಹ್ಮಣ ಯೌವನಸ್ಥನಾದ ಆನಂದರಾವ್ ಕೌಂಡಿನ್ಯರು 1844ರಲ್ಲಿ ದೀಕ್ಷಾಸ್ನಾನ ಹೊಂದಿ, 1846ರಲ್ಲಿ ಬಾಸೆಲ್ ಪಟ್ಟಣಕ್ಕೆ ಹೋಗಿ, ಅಲ್ಲಿಯ ಮಿಶನ್ ಮನೆಯಲ್ಲಿ ಓದಿ, 1851ರಲ್ಲಿ ಅಭಿಷೇಕ ಹೊಂದಿ ಹಿಂದಿರುಗಿದರು. ಜಾತಿಯವರು ಕರಿನೀರು ದಾಟುವದನ್ನೇ ಪಾಪವೆಂದೆಣಿಸುತ್ತಿದ್ದ ಕಾಲವದು. ಅವರು ಬಯಸಿದ್ದರೆ ಆ ದೇಶದಲ್ಲಿಯೇ ಉಳಿಯಬಹುದಿತ್ತು. ಆದರೆ ಮಂಗಳೂರಿನಲ್ಲಿ ಉಪದೇಶಿಗಳನ್ನು ಕಲಿಸಿ ಸಿದ್ಧಮಾಡುವದರಲ್ಲಿಯೂ, ಕೊಡಗಿನಲ್ಲಿ ಜೀತದಾಳುಗಳಾಗಿದ್ದವರಿಗಾಗಿ ಮೋಗ್ಲಿಂಗರ ಸಂಗಡ ಆನಂದಪುರವೆಂಬ ಊರನ್ನು ಕಟ್ಟುವದರಲ್ಲಿಯೂ ದುಡಿದರು. ಹೋಗಿ ಬಂದದ್ದು ನಿಜವಾದ ಕರೆಯೋ ಎಂಬದಕ್ಕೆ ಬಂದ ಮೇಲಿನ ಜೀವಿತವೂ ಒಂದು ಸಾಕ್ಷಿ.

ಆ ಯೌವನಸ್ಥನು ಹೊರಡುವ ಮೊದಲು ಮಾಡಬಹುದಾದ ಒಂದು ಪರೀಕ್ಷೆ ಉಂಟು. ಸಿರುಗುಪ್ಪದಿಂದ ಆದವಾನಿಗೆ ಹೋಗುವ ದಾರಿಯಲ್ಲಿ ರಾರಾವಿಯ ಬಳಿ ಹಗರಿಗೆ ಸೇತುವೆ ಇದೆ. 1953ನೆಯ ಅಕ್ಟೋಬರ್ 1ರಂದು ಹಳೇ ಬಳ್ಳಾರಿ ಜಿಲ್ಲೆಯು ಒಡೆದಾಗ ಸಿರುಗುಪ್ಪವು ಮೈಸೂರಿಗೂ, ಆದವಾನಿ ಆಲೂರು ರಾಯದುರ್ಗಗಳು ಆಂಧ್ರಕ್ಕೂ ಸೇರಿದವು. ಆ ಕಡೆಯ ಹಳ್ಳಿಗಳಲ್ಲಿ ತೆಲುಗು ಮಾತಾಡುವವರು ನಮ್ಮಂತೆಯೇ ಎರೆಹೊಲ ಉಳುವವರು. ಅವನು ಆರು ತಿಂಗಳು ಅಲ್ಲಿ ಹೋಗಿಬರಲಿ. ಹೂಮಾಲೆಯಿಲ್ಲದೆ, ಪಟ ತೆಗೆಯುವವರಿಲ್ಲದೆ, ಅವರ ಮಾತು ಕಲಿತು, ಅವರು ಕೊಟ್ಟ ರೊಟ್ಟಿ ತಿಂದು, ಅವರ ಕಾಹಿಲೆಯವರ ಹತ್ತರ ಕೂತು ಬರಲಿ. ಅಷ್ಟರಲ್ಲಿ ಆಸೆ ಆರಿಹೋದರೆ ಅದು ವಿಮಾನದ ಆಸೆಯೇ ಸರಿ. ಇನ್ನೂ ಉರಿಯುತ್ತಿದ್ದರೆ ಹಿರಿಯರು ತಡೆಯಬಾರದು.

ಕಳುಹಿಸುವದಾದರೆ ಬರಿಗೈಯಿಂದ ಕಳುಹಿಸಬಾರದು. ಪ್ರತಿ ಮನೆಯಲ್ಲಿ ಅಡಿಗೆಗೆ ಅಕ್ಕಿ ಅಳೆಯುವಾಗ ಒಂದು ಹಿಡಿ ತೆಗೆದಿಡುವ ಪದ್ಧತಿಯನ್ನು ನಮ್ಮ ತಾಯಂದಿರು ಬಲ್ಲರು. ಒಂದು ವರುಷದ ಹಿಡಿಯಕ್ಕಿಯಿಂದ ಕೂಡುವ ಮೊತ್ತವು ಅಲ್ಪವಲ್ಲ. ಅವನ ತಾಯಿ ವಿಧವೆಯಾಗಿದ್ದರೆ ಆಕೆಯ ಔಷಧ ಯಾರು ತರುವರು? ಕಾಲುವೆಗೆ ನೀರು ಬಿಟ್ಟ ವಾರದಲ್ಲಿ ಆಕೆಯ ಗದ್ದೆಗೆ ಸಸಿ ಹಚ್ಚುವವರು ಯಾರು? ಕೈಗಳನ್ನಿಡುವ ಭಾನುವಾರಕ್ಕಿಂತ ಮುಂಚೆಯೇ ಸಭೆ ಕೂಡಿದಾಗ ಇವುಗಳನ್ನು ಹೆಸರು ಹಿಡಿದು ಹಂಚಿ, ಯಾರ ಮನೆಗೆ ಯಾವ ಕೆಲಸವೆಂದು ಸಭೆಯ ಪುಸ್ತಕದಲ್ಲಿ ಬರೆದಿಡಲಿ.