ಮೊಲ ಸಾಕಾಣಿಕೆ ಘಟಕಗಳಲ್ಲಿ ಗಂಡು–ಹೆಣ್ಣು ಗುರುತಿಸುವಿಕೆ

ಗ್ರಾಮ ಪಂಚಾಯಿತಿ ವ್ಯಾಪ್ತಿಯ ಮಹಿಳಾ ಸ್ವಸಹಾಯ ಸಂಘಗಳ ಸದಸ್ಯರು ಸಾಲ ಪಡೆದು ಮೊಲ ಸಾಕಾಣಿಕೆ ಆರಂಭಿಸುವಾಗ ಷೆಡ್, ಪಂಜರ, ಮೇವುಗಳ ಬಗ್ಗೆ ಸಾಕಷ್ಟು ಚರ್ಚೆ ನಡೆಯುತ್ತದೆ. ಬಂದ ಮರಿಗಳಲ್ಲಿ ಗಂಡೆಷ್ಟು, ಹೆಣ್ಣೆಷ್ಟು ಎಂಬುದನ್ನು ಮಾತ್ರ ಮಾರಾಟಗಾರರ ಮಾತಿನ ಮೇಲೆ ನಂಬಲಾಗುತ್ತದೆ. ಏಳು ಹೆಣ್ಣು, ಮೂರು ಗಂಡು ಎಂದು ಪಡೆದ ಘಟಕದಲ್ಲಿ ನಾಲ್ಕೇ ಹೆಣ್ಣುಗಳಿದ್ದರೆ, ಆ ಸಂಗತಿ ಬಹುತೇಕ ಬಯಲಾಗುವುದು ಮೊಲಗಳಿಗೆ ಐದಾರು ತಿಂಗಳಾಗಿ ಕೂಡಿಸುವ ಕಾಲ ಬಂದಾಗ. ಅಷ್ಟರಲ್ಲಿ ಸಾಲದ ಕಂತು ಆರಂಭವಾಗಿರುತ್ತದೆ. ಪರೀಕ್ಷೆ ಹಸ್ತಾಂತರದ ದಿನವೇ, ಪಶುವೈದ್ಯರು ಅಥವಾ ತರಬೇತಿ ಪಡೆದ ಪಶುಸಖಿಯರ ಸಮ್ಮುಖದಲ್ಲಿ ನಡೆಯತಕ್ಕದ್ದು.

ಮೊಲವನ್ನು ಕಿವಿ ಹಿಡಿದು ಎತ್ತಬಾರದು. ಹೆಗಲಿನ ಮೇಲಿನ ಸಡಿಲ ಚರ್ಮವನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ಹಿಂಭಾಗಕ್ಕೆ ಆಸರೆ ಕೊಡಬೇಕು. ಆಸರೆಯಿಲ್ಲದೆ ಒದೆದಾಡಿದರೆ ಬೆನ್ನುಮೂಳೆ ಮುರಿಯುವುದುಂಟು. ತೊಡೆಯ ಮೇಲೆ ಅಂಗಾತ ಮಲಗಿಸಿ, ಬಾಲವನ್ನು ಹಿಂದಕ್ಕೆ ಸರಿಸಿ, ಜನನಾಂಗದ ಎರಡೂ ಬದಿಯನ್ನು ಬೆರಳುಗಳಿಂದ ಮೃದುವಾಗಿ ಒತ್ತಿದಾಗ ಗಂಡಿನಲ್ಲಿ ದುಂಡು ತುದಿಯ, ವೃತ್ತಾಕಾರದ ರಂಧ್ರವುಳ್ಳ ಸಣ್ಣ ಕೊಳವೆ ಹೊರಚಾಚುತ್ತದೆ. ಹೆಣ್ಣಿನಲ್ಲಿ ಗುದದ್ವಾರದತ್ತ ಇಳಿಜಾರಾದ ಉದ್ದನೆಯ ಸೀಳು ಕಾಣುತ್ತದೆ. ಎಳೆಯ ಹೆಣ್ಣು ಮರಿಗಳಲ್ಲಿಯೂ ಈ ಭಾಗ ಸ್ವಲ್ಪ ಉಬ್ಬುವುದರಿಂದ ಗಂಡೆಂಬ ಭ್ರಮೆ ಉಂಟಾಗುತ್ತದೆ. ಅಂತಹ ಸಂದರ್ಭದಲ್ಲಿ ಒಂದೇ ವಯಸ್ಸಿನ ಎರಡು ಮರಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದು ಲೇಸು. ಜನನಾಂಗಕ್ಕೂ ಗುದದ್ವಾರಕ್ಕೂ ನಡುವಿನ ಅಂತರ ಗಂಡಿನಲ್ಲಿ ಹೆಚ್ಚು, ಹೆಣ್ಣಿನಲ್ಲಿ ಕಡಿಮೆ.

ಸುಮಾರು 10ರಿಂದ 12 ವಾರಗಳಲ್ಲಿ ಗಂಡಿನ ವೃಷಣಗಳು ಕೆಳಗಿಳಿಯುತ್ತವೆ. ಆದರೆ ಬೆದರಿದಾಗ ಅಥವಾ ಚಳಿಯಲ್ಲಿ ಅದು ವೃಷಣಗಳನ್ನು ಹೊಟ್ಟೆಯೊಳಕ್ಕೆ ಸೆಳೆದುಕೊಳ್ಳಬಲ್ಲದು. ವೃಷಣ ಕಾಣಲಿಲ್ಲವೆಂದು ಹೆಣ್ಣೆಂದು ಬರೆದುಕೊಳ್ಳಬಾರದು. ಪ್ರಾಯದ ಗಂಡಿನ ತಲೆ ಅಗಲವಾಗಿಯೂ ದೊಡ್ಡ ತಳಿಗಳ ಹೆಣ್ಣಿನ ಕತ್ತಿನಡಿ ಗಂಗೆದೊಗಲಿನಂತಹ ಮಡಿಕೆಯೂ ಇರುವುದು ನಿಜವಾದರೂ, ಇವು ಪೂರಕ ಲಕ್ಷಣಗಳು ಮಾತ್ರ.

ಮೂರು ತಿಂಗಳು ತುಂಬುವ ವೇಳೆಗೆ ಗಂಡು, ಹೆಣ್ಣುಗಳನ್ನು ಬೇರ್ಪಡಿಸಬೇಕು. ಒಟ್ಟಿಗಿದ್ದ ಗಂಡುಗಳು ಕಾದಾಡಿ ವೃಷಣಗಳಿಗೇ ಗಾಯ ಮಾಡಿಕೊಳ್ಳುತ್ತವೆ. ಕೂಡಿಸುವಾಗ ಹೆಣ್ಣನ್ನು ಗಂಡಿನ ಪಂಜರಕ್ಕೆ ಒಯ್ಯಬೇಕು, ಗಂಡನ್ನು ಹೆಣ್ಣಿನ ಪಂಜರಕ್ಕಲ್ಲ. ತನ್ನ ನೆಲೆಗೆ ಬಂದ ಗಂಡಿನ ಮೇಲೆ ಹೆಣ್ಣು ಎರಗುತ್ತದೆ. ಹಸುವಿನಂತೆ ನಿಯಮಿತ ಬೆದೆಯ ಚಕ್ರ ಮೊಲಕ್ಕಿಲ್ಲ. ಕೂಡಿದ ನಂತರವೇ ಅಂಡ ಬಿಡುಗಡೆಯಾಗಿ, 30ರಿಂದ 32 ದಿನಗಳಲ್ಲಿ ಮರಿ ಹಾಕುತ್ತದೆ.

ಬೇಸಿಗೆಯಲ್ಲಿ ಇನ್ನೊಂದು ತಪ್ಪು ನಡೆಯುತ್ತದೆ. ತಾಪಮಾನ 30 ಡಿಗ್ರಿ ಸೆಲ್ಸಿಯಸ್ ಮೀರಿ ಹಲವು ದಿನ ಉಳಿದರೆ ಗಂಡಿನ ವೀರ್ಯದ ಗುಣಮಟ್ಟ ಕುಸಿಯುತ್ತದೆ. ಚೇತರಿಕೆಗೆ ಸುಮಾರು ಎರಡು ತಿಂಗಳು ಹಿಡಿಯಬಹುದು. ರಾಯಚೂರು, ಕಲಬುರಗಿಯಂತಹ ಕಡೆ ಏಪ್ರಿಲ್, ಮೇ ತಿಂಗಳುಗಳಲ್ಲಿ ಗರ್ಭ ಕಟ್ಟದಿದ್ದರೆ ಮೊದಲು ಶಂಕಿಸಬೇಕಾದುದು ಗಂಡನ್ನು. ಹಾಗಿದ್ದರೂ ಗೊಡ್ಡೆಂಬ ಹೆಸರು ಹೊತ್ತು ಅಗ್ಗಕ್ಕೆ ಮಾರಾಟವಾಗುವುದು ಒಳ್ಳೆಯ ಹೆಣ್ಣು ಮೊಲ. ಷೆಡ್ಡಿಗೆ ನೆರಳು, ಗಾಳಿ, ಛಾವಣಿಯ ಮೇಲೆ ಒದ್ದೆ ಗೋಣಿ ಒದಗಿಸಿ, ಮಳೆಗಾಲ ಆರಂಭವಾದ ಮೇಲೆ ಮತ್ತೊಮ್ಮೆ ಕೂಡಿಸಿ ನೋಡದೆ ಯಾವ ಹೆಣ್ಣನ್ನೂ ತೆಗೆದುಹಾಕುವುದು ಸರಿಯಲ್ಲ.

ಹೊಲದಲ್ಲಿ ಸಿಕ್ಕ ಕಾಡುಮೊಲವನ್ನು ಘಟಕಕ್ಕೆ ಸೇರಿಸುವಂತಿಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರಡಿ ಅದು ಅಪರಾಧ.

ಹಸ್ತಾಂತರದ ವಹಿಯಲ್ಲಿ ಪ್ರತಿ ಮೊಲದ ಗುರುತು ಸಂಖ್ಯೆ, ವಯಸ್ಸು, ಲಿಂಗಗಳನ್ನು ನಮೂದಿಸಬೇಕು. ನಿಶ್ಚಯವಾಗದ ಮರಿಗಳ ಮುಂದೆ ‘ಸಂದೇಹ’ ಎಂದೇ ಬರೆದು, 12 ವಾರ ತುಂಬಿದಾಗ ಮರುಪರೀಕ್ಷಿಸುವ ದಿನಾಂಕವನ್ನೂ, ವ್ಯತ್ಯಾಸ ಕಂಡರೆ ಬದಲಿಸಿಕೊಡುವ ಬಗ್ಗೆ ಮಾರಾಟಗಾರರ ಒಪ್ಪಿಗೆಯ ಸಹಿಯನ್ನೂ ಅದೇ ಪುಟದಲ್ಲಿ ಪಡೆಯತಕ್ಕದ್ದು.