ಬಚ್ಚಲುಮನೆಯ ಬಿಳಿಯ ಪೊರೆ, ಕರಿಯ ಬೂಷ್ಟು



ತಮ್ಮ ಬಚ್ಚಲುಮನೆಯ ಟೈಲ್ಸುಗಳ ಮೇಲೆ ಎಷ್ಟು ಉಜ್ಜಿದರೂ ಬಿಡದಿರುವ ಬಿಳಿಯ ಪೊರೆಯೂ, ಮಳೆಗಾಲದೊಡನೆ ಸಂದುಗಳಲ್ಲಿ ತಲೆಯೆತ್ತುವ ಕರಿಯ ಬೂಷ್ಟೂ ಮೂಲತಃ ಭಿನ್ನವಾದ ಎರಡು ವ್ಯಾಧಿಗಳಾದುದರಿಂದ, ಒಂದೇ ಔಷಧದಿಂದ ಎರಡನ್ನೂ ನಿವಾರಿಸಹೊರಟ ತಮ್ಮ ಶ್ರಮವು ನಿಷ್ಫಲವಾದುದರಲ್ಲಿ ಆಶ್ಚರ್ಯವಿಲ್ಲ. ಬಿಳಿಯದು ಕೊಳವೆಬಾವಿಯ ಗಡಸುನೀರು ಆರಿದಾಗ ಉಳಿಯುವ ಸುಣ್ಣದಂಶ. ಅದು ಸಾಬೂನಿಗೆ ಜಗ್ಗದು, ಆಮ್ಲಕ್ಕೆ ಕರಗುವುದು. ಒಂದು ಲೀಟರು ಬಿಸಿನೀರಿನಲ್ಲಿ ಎರಡು ದೊಡ್ಡ ಚಮಚ ನಿಂಬೆಉಪ್ಪನ್ನು ಕದಡಿ, ಅದರಲ್ಲಿ ಅದ್ದಿದ ಬಟ್ಟೆಯನ್ನು ಕಲೆಯ ಮೇಲೆ 15 ನಿಮಿಷ ಹೊದಿಸಿಟ್ಟು, ಅನಂತರ ತಿಕ್ಕಿ ಧಾರಾಳವಾಗಿ ತೊಳೆಯಿರಿ. ಅಮೃತಶಿಲೆಗೆ ಮಾತ್ರ ಆಮ್ಲವನ್ನು ಸೋಕಿಸಲಾಗದು. ಆ ಶಿಲೆಯೂ ಸುಣ್ಣದ ಜಾತಿಯದೇ.

ಬೂಷ್ಟಾದರೋ ಜೀವವುಳ್ಳದ್ದು. ಒಂದು ಭಾಗ ಬ್ಲೀಚಿಗೆ ಹತ್ತು ಭಾಗ ತಣ್ಣೀರು ಸೇರಿಸಿ, ಕೈಗವಸು ತೊಟ್ಟು, ಕಿಟಕಿಯನ್ನು ತೆರೆದಿಟ್ಟು, ಸಂದುಗಳಿಗೆ ಹಚ್ಚಿ 10 ನಿಮಿಷದ ಮೇಲೆ ತೊಳೆಯಿರಿ. ಆದರೆ ಈ ಕಾರ್ಯವನ್ನು ಬೇರೊಂದು ದಿನಕ್ಕೆ ಇರಿಸಿಕೊಳ್ಳತಕ್ಕದ್ದು. ಬ್ಲೀಚು ಆಮ್ಲದೊಡನೆ, ಅಂಗಡಿಯಲ್ಲಿ ದೊರೆಯುವ ಟೈಲ್ಸಿನ ಆಸಿಡ್ಡಿನೊಡನೆ ಕೂಡ, ಬೆರೆತೊಡನೆಯೇ ಶ್ವಾಸಕೋಶವನ್ನು ಸುಡುವ ಕ್ಲೋರಿನ್ ಅನಿಲವು ಹೊರಹೊಮ್ಮುವುದು. ಇಕ್ಕಟ್ಟಾದ ಬಚ್ಚಲಿನಲ್ಲಿ ಅದು ಪ್ರಾಣಾಂತಿಕವಾಗಬಲ್ಲುದಾದ್ದರಿಂದ, ಮನೆಗೆಲಸದಲ್ಲಿ ನೆರವಾಗುವವರಿಗೂ ಈ ಮಾತನ್ನು ದಯವಿಟ್ಟು ಮನಗಾಣಿಸಿರಿ. ಬೂಷ್ಟು ಮರಳದಿರಲು ಸ್ನಾನಾನಂತರ ಗೋಡೆಯ ನೀರನ್ನು ಒರೆಸಿ, ಗಾಳಿಯಾಡಲು ಬಿಡುವುದೇ ಉಪಾಯ.